ಕಡುಬು ತಿಂದದ್ದು ಗಣಪನೇ: ಮೂರೂವರೆ ವರ್ಷದ ಮಗಳ ಸುಳ್ಳು, ಸತ್ಯ ಮತ್ತು ಮನೆಮಂದಿಯ ನಗು

ಪ್ರಶ್ನೆ: ನಾನು ಹಾಸನದವಳು, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ನಮಗೆ ಆರು ವರ್ಷದ ಮಗ, ಮೂರೂವರೆ ವರ್ಷದ ಮಗಳು. ಮಗಳ ಆಟ, ಮಾತು ಕಂಡು ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಕಣ್ಣಾಮುಚ್ಚಾಲೆ ಆಡುವಾಗ ಹಾಲ್‌ನ ನಡುಮಧ್ಯೆ ನಿಂತು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾಳೆ. ‘ಸಿಕ್ಕಿದೆ’ ಎಂದರೆ ‘ನಾನು ಇಲ್ಲಿಲ್ಲ’ ಎಂದು ಸಿಟ್ಟಾಗುತ್ತಾಳೆ. ಫೋನಿನಲ್ಲಿ ತಾತ ‘ಊಟ ಆಯ್ತಾ ಪುಟ್ಟಿ’ ಎಂದು ಕೇಳಿದರೆ ತಲೆಯಾಡಿಸುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ. ಗಣೇಶನ ಹಬ್ಬದ ದಿನ ನೈವೇದ್ಯಕ್ಕೆಂದು ತೆಗೆದಿಟ್ಟ ಕಡುಬಿನಲ್ಲಿ ಎರಡು ಕಾಣೆಯಾದವು. ಕೇಳಿದರೆ, ಬಾಯಿಯ ಸುತ್ತ ಹೂರಣ ಮೆತ್ತಿಕೊಂಡೇ ‘ನಾನು ತಿಂದಿಲ್ಲ, ಗಣಪ ತಿಂದ’ ಎಂದಳು. ಅದೇ ವಾರ ಮನೆಗೆ ಬಂದಿದ್ದ ಯಜಮಾನರ ಸೋದರತ್ತೆಯವರಿಗೆ, ‘ಅಜ್ಜಿ, ನೀವು ಯಾವಾಗ ಹೊರಡ್ತೀರಾ? ನೀವು ಕೂತ್ರೆ ಏಳೋದೇ ಇಲ್ಲ ಅಂತ ಅಮ್ಮ ಹೇಳ್ತಿತ್ತು’ ಎಂದುಬಿಟ್ಟಳು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಉಳಿದವರು ನಕ್ಕರು, ಮಗಳು ಅಳುತ್ತಾ ಮಂಚದ ಕೆಳಗೆ ಸೇರಿಕೊಂಡಳು. ‘ಹೀಗೆ ನಗ್ತಾ ಇದ್ರೆ ತಲೆ ಮೇಲೆ ಕೂರ್ತಾಳೆ’ ಎಂಬುದು ನಮ್ಮತ್ತೆಯವರ ಮಾತು. ಯಜಮಾನರು ಎಲ್ಲವನ್ನೂ ವಿಡಿಯೊ ಮಾಡಿ ಮನೆಯ ವಾಟ್ಸ್ಆಪ್ ಗುಂಪಿಗೆ ಹಾಕುತ್ತಾರೆ. ಸುಳ್ಳು ಹೇಳುವುದು ಅಭ್ಯಾಸವಾಗಿಬಿಡುತ್ತದೆಯೇ? ನಾವು ನಗುವುದು ತಪ್ಪೇ?

ಉತ್ತರ: ನೀವು ಬರೆದಿರುವ ನಾಲ್ಕು ಪ್ರಸಂಗಗಳಲ್ಲಿ ಮೊದಲೆರಡನ್ನು ಮುದ್ದು ಎಂದೂ ಕೊನೆಯ ಎರಡನ್ನು ಕೆಟ್ಟ ಅಭ್ಯಾಸದ ಆರಂಭವೆಂದೂ ವಿಂಗಡಿಸಿಕೊಂಡಿರುವಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ನಾಲ್ಕಕ್ಕೂ ಬೇರು ಒಂದೇ. ತನಗೆ ತಿಳಿದದ್ದು ಎದುರಿನವರಿಗೆ ತಿಳಿದಿರಲಾರದು, ತನಗೆ ಕಾಣುವುದು ಅವರಿಗೆ ಕಾಣದಿರಬಹುದು, ಒಬ್ಬರ ಮುಂದೆ ಆಡಿದ ಮಾತು ಇನ್ನೊಬ್ಬರ ಕಿವಿಗೆ ಸಲ್ಲದಿರಬಹುದು ಎಂಬ ಲೆಕ್ಕಾಚಾರ ನಿಮ್ಮ ಮಗಳಿಗೆ ಇನ್ನೂ ಕುದುರಿಲ್ಲ. ಕುದುರುವ ಹಂತದಲ್ಲಿದೆ. ಮಕ್ಕಳ ಮಾತಿನಲ್ಲಿ ನಮಗೆ ನಗು ಬರಿಸುವ ಸಂಗತಿಗಳಲ್ಲಿ ಬಹುಪಾಲು ಹುಟ್ಟುವುದು ಈ ಹಂತದಲ್ಲಿಯೇ.

ಇದನ್ನು ನೀವು ಮನೆಯಲ್ಲೇ ನೋಡಬಹುದು. ನಮ್ಮ ಮನೆಗಳಲ್ಲಿ ಬಿಸ್ಕತ್ತಿನ ಹಳೆಯ ಡಬ್ಬದೊಳಗೆ ಬಿಸ್ಕತ್ತು ಇರುವುದು ಅಪರೂಪ. ಸೂಜಿ, ದಾರದುಂಡೆ, ಅಂಗಿಯ ಗುಂಡಿ ಇವೇ ಇರುತ್ತವೆ. ಸೂಜಿಯನ್ನು ತೆಗೆದಿಟ್ಟು, ಅಂಥದೊಂದು ಡಬ್ಬವನ್ನು ಮಗಳಿಗೆ ತೋರಿಸಿ ಒಳಗೆ ಏನಿದೆ ಎಂದು ಕೇಳಿ. ಬಿಸ್ಕತ್ತು ಎನ್ನುತ್ತಾಳೆ. ಮುಚ್ಚಳ ತೆಗೆದು ದಾರದುಂಡೆ ತೋರಿಸಿ, ಮತ್ತೆ ಮುಚ್ಚಿ, ‘ಅಣ್ಣ ಇನ್ನೂ ಇದನ್ನ ನೋಡಿಲ್ಲ, ಸ್ಕೂಲಿಂದ ಬಂದು ಡಬ್ಬ ನೋಡಿದ್ರೆ ಒಳಗೆ ಏನಿದೆ ಅಂದ್ಕೋತಾನೆ?’ ಎಂದು ಕೇಳಿ. ಈ ವಯಸ್ಸಿನ ಅನೇಕ ಮಕ್ಕಳು ಹಿಂದೆಮುಂದೆ ನೋಡದೆ ‘ದಾರ’ ಎನ್ನುತ್ತಾರೆ. ಅಣ್ಣ ಡಬ್ಬ ತೆರೆದಿಲ್ಲವೆಂಬುದು ಅವಳಿಗೆ ಗೊತ್ತು, ಆದರೆ ತನಗೆ ತಿಳಿದ ಮೇಲೆ ಜಗತ್ತಿಗೆಲ್ಲ ತಿಳಿದಂತೆಯೇ. ಇನ್ನೂ ತಮಾಷೆಯೆಂದರೆ, ‘ಮೊದಲು ನೀನೇನು ಅಂದ್ಕೊಂಡಿದ್ದೆ?’ ಎಂದು ಕೇಳಿದರೂ, ಆಗಷ್ಟೇ ಬಿಸ್ಕತ್ತು ಎಂದಿದ್ದನ್ನು ಬಿಟ್ಟು, ದಾರ ಎಂದೇ ಹೇಳುವ ಸಾಧ್ಯತೆ ಹೆಚ್ಚು. ಇದೇ ಪ್ರಶ್ನೆಯನ್ನು ಆರು ವರ್ಷದ ಮಗನಿಗೆ ಕೇಳಿದರೆ ಅವನು ಸುಲಭವಾಗಿ ಸರಿಯಾದ ಉತ್ತರ ಕೊಟ್ಟು, ತಂಗಿಯನ್ನು ನೋಡಿ ನಗಲೂಬಹುದು. ಈ ಬಗೆಯ ಪರೀಕ್ಷೆಗಳನ್ನು ಮೊದಲು ರೂಪಿಸಿದವರು ಹೈಂಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್. 1983ರಲ್ಲಿ ಪ್ರಕಟವಾದ ಅವರ ಅಧ್ಯಯನದ ನಂತರ ಬೇರೆ ಬೇರೆ ದೇಶಗಳಲ್ಲಿ ಇದನ್ನು ಮಾಡಿ ನೋಡಲಾಗಿದೆ. ಭಾರತವೂ ಸೇರಿದಂತೆ ಕೆನಡಾ, ಪೆರು, ಸಮೋವಾ, ಥಾಯ್ಲೆಂಡ್‌ಗಳ ಮಕ್ಕಳನ್ನು ಹೋಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲ ಕಡೆಯೂ ಮೂರರಿಂದ ಐದರ ನಡುವೆ ಈ ತಿಳಿವಳಿಕೆ ಮೂಡುವುದು ಕಂಡುಬಂತು. ನಿಮ್ಮ ಮಗಳು ಆ ದಾರಿಯ ಆರಂಭದಲ್ಲಿದ್ದಾಳೆ, ಅಷ್ಟೆ.

ಕಣ್ಣು ಮುಚ್ಚಿಕೊಂಡು ಅಡಗುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ನಾವು ತಿಳಿದಷ್ಟು ಪೆದ್ದುತನವಲ್ಲ. ‘ನನಗೆ ಅಮ್ಮ ಕಾಣುತ್ತಿಲ್ಲ, ಆದ್ದರಿಂದ ಅಮ್ಮನಿಗೂ ನಾನು ಕಾಣುತ್ತಿಲ್ಲ’ ಎಂದು ಮಗು ಭಾವಿಸುತ್ತದೆ ಎಂದು ನಾವು ಸಾಮಾನ್ಯವಾಗಿ ವಿವರಿಸಿಕೊಳ್ಳುತ್ತೇವೆ. ಕೇಂಬ್ರಿಜ್‌ನ ಜೇಮ್ಸ್ ರಸೆಲ್ ಮತ್ತು ಸಂಗಡಿಗರು ಮೂರು ನಾಲ್ಕು ವರ್ಷದ ಮಕ್ಕಳ ಕಣ್ಣಿಗೆ ಪಟ್ಟಿ ಕಟ್ಟಿ ಮಾತನಾಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೊಂದು ಸಂಗತಿ ಹೊರಬಿತ್ತು. ‘ನೀನು ನನಗೆ ಕಾಣುತ್ತಿದ್ದೀಯಾ’ ಎಂದರೆ ಬಹುಪಾಲು ಮಕ್ಕಳು ಇಲ್ಲ ಎಂದರು. ‘ನಿನ್ನ ತಲೆ ಕಾಣುತ್ತಿದೆಯಾ’ ಎಂದರೆ ಹೌದು ಎಂದರು. ಅಂದರೆ ತಮ್ಮ ಮೈ ಕಾಣುತ್ತದೆಂಬುದು ಅವರಿಗೆ ಗೊತ್ತು. ‘ನಾನು’ ಕಾಣಬೇಕಾದರೆ ಮಾತ್ರ ಕಣ್ಣಿಗೆ ಕಣ್ಣು ಕೂಡಬೇಕು. ದೊಡ್ಡವರು ತಮ್ಮನ್ನೇ ನೋಡುತ್ತಿದ್ದರೂ ತಾವು ಬೇರೆ ಕಡೆ ದೃಷ್ಟಿ ಹೊರಳಿಸಿದರೆ ಸಾಕು, ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದ ಮಕ್ಕಳೂ ಅಲ್ಲಿದ್ದರು. ಹಾಗಾಗಿ ನಿಮ್ಮ ಮಗಳ ‘ನಾನು ಇಲ್ಲಿಲ್ಲ’ ಎಂಬ ಮಾತಿಗೆ ಅವಳ ಮಟ್ಟಿಗೆ ಪೂರ್ತಿ ಅರ್ಥವಿದೆ. ಕೂಸು ಹುಟ್ಟಿದಂದಿನಿಂದ ಅಜ್ಜಿ, ಅಮ್ಮ, ಪಕ್ಕದ ಮನೆಯವರು ಎಲ್ಲರೂ ಅದನ್ನು ಮಾತನಾಡಿಸಿರುವುದು ಕಣ್ಣು ಕೂಡಿಸಿಯೇ. ಸೆರಗಿನಿಂದ ಮುಖ ಮುಚ್ಚಿ ತೆಗೆದು ‘ಬೂ’ ಎಂದು ಆಡಿಸಿರುವುದೂ ಹಾಗೆಯೇ. ಅವಳು ಆ ನಿಯಮವನ್ನು ಕಣ್ಣಾಮುಚ್ಚಾಲೆಗೂ ಅನ್ವಯಿಸುತ್ತಿದ್ದಾಳೆ. ‘ಹಾಗಲ್ಲ ಪುಟ್ಟಿ, ನೀನು ಕಾಣ್ತಾ ಇದ್ದೀಯ’ ಎಂದು ತಿದ್ದುವ ಅಗತ್ಯವಿಲ್ಲ. ಅವಳನ್ನು ಬಿಟ್ಟು ಬೀರುವಿನ ಹಿಂದೆ, ಬಾಗಿಲ ಮರೆಯಲ್ಲಿ ಹುಡುಕುವ ನಟನೆ ಮಾಡುವ ಕೆಲಸವನ್ನು ಮಗನಿಗೆ ವಹಿಸಿ. ಆರು ವರ್ಷದವನಿಗೆ ಅದು ಸಾಧ್ಯ. ತನಗೆ ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸುವುದರಲ್ಲಿ ಅವನಿಗೂ ಖುಷಿ ಇರುತ್ತದೆ.

ಫೋನಿನಲ್ಲಿ ತಲೆಯಾಡಿಸುವುದೂ ಇದೇ ಜಾತಿಯದು. ತಾತನ ದನಿ ಇಲ್ಲಿದ್ದ ಮೇಲೆ ತಾತನೂ ಇಲ್ಲೇ, ತಾತನ ಕಣ್ಣೂ ಇಲ್ಲೇ. ಇದರ ಮೇಲೆ ನಾವು ವಿಡಿಯೊ ಕರೆಯನ್ನು ತಂದಿಟ್ಟಿದ್ದೇವೆ. ಅದರಲ್ಲಿ ತಲೆಯಾಡಿಸಿದರೆ ನಿಜಕ್ಕೂ ಕಾಣುತ್ತದೆ, ಗೊಂಬೆ ಎತ್ತಿ ತೋರಿಸಿದರೆ ತಾತ ಹೊಗಳುತ್ತಾರೆ. ಅದೇ ಫೋನು, ಅದೇ ತಾತ. ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ದೊಡ್ಡವರಿಗೇ ಕೆಲವೊಮ್ಮೆ ಗೊಂದಲವಾಗುವ ವಿಷಯ ಇದು. ‘ತಾತಂಗೆ ಕಾಣಲ್ಲ, ಬಾಯಲ್ಲಿ ಹೇಳು’ ಎಂದು ಪಕ್ಕದಲ್ಲಿ ಕುಳಿತು ನೆನಪಿಸಿದರೆ ಸಾಕು.

ಈಗ ಕಡುಬಿನ ವಿಷಯಕ್ಕೆ ಬರೋಣ. ದಾಸರ ಪದಗಳಲ್ಲಿ ಬೆಣ್ಣೆ ಕದ್ದ ಕೃಷ್ಣನಿಗೆ ಮರುಳಾಗುವ ನಾವು, ಮನೆಯ ಕೂಸು ಹೂರಣ ಕದ್ದರೆ ಅದರ ಭವಿಷ್ಯವನ್ನೇ ನೆನೆದು ಗಾಬರಿಯಾಗುತ್ತೇವೆ. ನಿಮ್ಮ ಗಾಬರಿಗೆ ಬಲು ಹಳೆಯ ಜೊತೆಗಾರರೊಬ್ಬರಿದ್ದಾರೆ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತಮ್ಮ ಮೊದಲ ಮಗನ ಬೆಳವಣಿಗೆಯನ್ನು ದಿನಚರಿಯಂತೆ ಬರೆದಿಟ್ಟು, 1877ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡೂವರೆ ವರ್ಷ ದಾಟಿದ ಆ ಹುಡುಗ ಒಂದು ದಿನ ಊಟದ ಕೋಣೆಯಿಂದ ಹೊರಬಂದಾಗ ಅವನ ಕಣ್ಣಿನಲ್ಲಿ ಎಂದಿಲ್ಲದ ಹೊಳಪಿತ್ತು, ನಡೆಯಲ್ಲಿ ಏನೋ ವಿಚಿತ್ರ ಗತ್ತು ಇತ್ತು. ಒಳಗೆ ಹೋಗಿ ನೋಡಿದರೆ, ಮುಟ್ಟಬಾರದೆಂದು ಹೇಳಿದ್ದ ಸಕ್ಕರೆ ಪುಡಿಗೆ ಕೈ ಹಾಕಿದ್ದ. ಎರಡು ವಾರದ ನಂತರ ಅದೇ ಕೋಣೆಯಿಂದ, ಎದೆಯ ಮೇಲಿನ ಬಟ್ಟೆಯನ್ನು ಜೋಪಾನವಾಗಿ ಸುರುಳಿ ಸುತ್ತಿಕೊಂಡು ಬಂದ. ಏನದು ಎಂದು ಕೇಳಿದರೆ ಏನೂ ಇಲ್ಲವೆಂದು ಹೇಳಿ, ಆಚೆ ಹೋಗು ಎಂದು ಅಪ್ಪನಿಗೇ ಮತ್ತೆ ಮತ್ತೆ ಆಜ್ಞೆ ಮಾಡಿದ. ಬಿಡಿಸಿ ನೋಡಿದಾಗ ಬಟ್ಟೆಗೆ ಉಪ್ಪಿನಕಾಯಿಯ ರಸ ಮೆತ್ತಿತ್ತು. ಇದು ಯೋಜಿಸಿ ಮಾಡಿದ ಮೋಸವೆಂದು ಡಾರ್ವಿನ್ ಬರೆಯುತ್ತಾರೆ. ಒಳ್ಳೆಯ ಭಾವನೆಗಳನ್ನು ತಟ್ಟಿ ಬೆಳೆಸಿದ್ದರಿಂದ ಹುಡುಗ ಬಹುಬೇಗ ಸತ್ಯವಂತನೂ ಮೃದುಸ್ವಭಾವದವನೂ ಆದನೆಂದು ಮುಂದಿನ ಸಾಲಿನಲ್ಲೇ ಸೇರಿಸುತ್ತಾರೆ. ನೀವು ಬ್ಯಾಂಕಿನವರಾದ್ದರಿಂದ ಇನ್ನೊಂದು ಮಾತು: ಉಪ್ಪಿನಕಾಯಿ ಮುಚ್ಚಿಟ್ಟ ಆ ಹುಡುಗ ಮುಂದೆ ಸೌತಾಂಪ್ಟನ್‌ನಲ್ಲಿ ಬ್ಯಾಂಕ್ ನಡೆಸಿದ.

ನಿಮ್ಮ ಮಗಳ ಸುಳ್ಳು ಅಷ್ಟು ದೂರವೂ ಹೋಗಿಲ್ಲ. ಬಾಯಿಯ ಸುತ್ತ ಹೂರಣವಿರುವುದು ನಿಮಗೆ ಕಾಣುತ್ತದೆ, ಕಂಡರೆ ನಿಮಗೆ ಗೊತ್ತಾಗುತ್ತದೆ ಎಂಬ ಎರಡನೆಯ ಹೆಜ್ಜೆಯನ್ನು ಅವಳು ಇಟ್ಟೇ ಇಲ್ಲ. ಮೈಕಲ್ ಲೂಯಿಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಇಟ್ಟಿರುವ ಆಟಿಕೆಯನ್ನು ತಿರುಗಿ ನೋಡಬೇಡವೆಂದು ಮೂರು ವರ್ಷದ ಆಸುಪಾಸಿನ ಮಕ್ಕಳಿಗೆ ಹೇಳಿ ದೊಡ್ಡವರು ಹೊರಗೆ ಹೋದರು. ಬಹುತೇಕ ಎಲ್ಲರೂ ತಿರುಗಿ ನೋಡಿದರು. ನೋಡಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಕ್ಕಳು ನೋಡಿಲ್ಲವೆಂದರು. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2002ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ನೋಡಿಲ್ಲವೆಂದ ಮಕ್ಕಳನ್ನು ‘ಹಾಗಾದರೆ ಅದು ಯಾವ ಆಟಿಕೆ ಇರಬಹುದು’ ಎಂದು ಕೇಳಿದರು. ಚಿಕ್ಕವರಲ್ಲಿ ಹೆಚ್ಚಿನವರು ಆಟಿಕೆಯ ಹೆಸರನ್ನೇ ಹೇಳಿಬಿಟ್ಟರು. ಗೊತ್ತಿಲ್ಲದವರಂತೆ ನಟಿಸಲು ಬಂದದ್ದು ಆರೇಳು ವರ್ಷದವರಿಗೆ, ಅವರಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ಮಾತ್ರ. ಸುಳ್ಳನ್ನು ಹೇಳುವುದಕ್ಕಿಂತ ಅದನ್ನು ಕಾಪಾಡಿಕೊಳ್ಳುವುದೇ ಕಷ್ಟದ ಕೆಲಸ. ಹೀಗಾಗಿ ಮೂರೂವರೆಯ ಸುಳ್ಳು ಚಾರಿತ್ರ್ಯದ ಲಕ್ಷಣವಲ್ಲ. ಬೇರೆಯವರ ತಲೆಯಲ್ಲಿ ಬೇರೆಯದೇ ಸಂಗತಿ ಇರಬಹುದೆಂದು ಮಗುವಿಗೆ ಹೊಳೆಯತೊಡಗಿದೆ ಎಂಬುದರ ಮೊದಲ ಗುರುತು. ಇನ್ನು ಗಣಪನ ಮೇಲೆ ತಪ್ಪು ಹೊರಿಸಿದ್ದು. ನೈವೇದ್ಯವನ್ನು ದೇವರು ತಿನ್ನುತ್ತಾನೆಂದು ಅವಳಿಗೆ ಹೇಳಿಕೊಟ್ಟವರು ಮನೆಯವರೇ ಇರಬೇಕು. ದೊಡ್ಡವರ ಸಾಕ್ಷ್ಯವನ್ನೇ ಅವಳು ಹಾಜರುಪಡಿಸಿದ್ದಾಳೆ, ವಾದ ಬಲವಾಗಿಯೇ ಇದೆ.

ನೀವು ಮಾಡಬೇಕಾದುದು ಏನೆಂದರೆ, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕೇಳದಿರುವುದು. ‘ಕಡುಬು ತಿಂದೆಯಾ?’ ಎಂಬ ಪ್ರಶ್ನೆ ಈ ವಯಸ್ಸಿನ ಮಗುವನ್ನು ಸುಳ್ಳಿನ ಕಡೆಗೆ ತಳ್ಳುತ್ತದೆ, ಏಕೆಂದರೆ ಕೇಳುವವರ ದನಿಯಲ್ಲೇ ಅವಳಿಗೆ ಬೈಗುಳ ಕೇಳಿಸಿರುತ್ತದೆ. ‘ಬಾಯಿಗೆ ಹೂರಣ ಅಂಟಿದೆ, ಬಾ ಒರೆಸೋಣ. ಪೂಜೆ ಆದ್ಮೇಲೆ ತಿನ್ನೋದು ಕಣಮ್ಮ, ಅಲ್ಲೀವರ್ಗೂ ತಟ್ಟೆ ಮೇಲಿಡ್ತೀನಿ’ ಎಂದರೆ ವಿಷಯವೂ ತಿಳಿಯುತ್ತದೆ, ಸುಳ್ಳಿಗೆ ಜಾಗವೂ ಇರುವುದಿಲ್ಲ. ಕಥೆಗಳನ್ನು ಹೇಳುವಾಗಲೂ ಒಂದು ವಿವೇಚನೆ ಬೇಕು. ಕಾಂಗ್ ಲೀ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಳ್ಳು ಹೇಳಿ ಕೆಟ್ಟವರ ಕಥೆ, ಅಂದರೆ ನಾವೆಲ್ಲ ಪಾಠದಲ್ಲಿ ಓದಿದ ‘ತೋಳ ಬಂತು ತೋಳ’ದಂಥದ್ದು, ಮೂರರಿಂದ ಏಳು ವರ್ಷದ ಮಕ್ಕಳ ಸುಳ್ಳನ್ನು ಕಡಿಮೆ ಮಾಡಲಿಲ್ಲ, ನಿಜ ಹೇಳಿದ್ದಕ್ಕೆ ಮೆಚ್ಚುಗೆ ಪಡೆದ ಹುಡುಗನ ಕಥೆ ಕಡಿಮೆ ಮಾಡಿತು. ನಮ್ಮ ಪುಣ್ಯಕೋಟಿಯನ್ನು ಯಾರೂ ಆ ಪರೀಕ್ಷೆಗೆ ಒಡ್ಡಿಲ್ಲವಾದರೂ, ಕೊಟ್ಟ ಮಾತಿಗೆ ನಡೆದು ಬದುಕಿ ಉಳಿದ ಹಸುವಿನ ಕಥೆ ಎರಡನೆಯ ಸಾಲಿಗೆ ಸೇರುತ್ತದೆಂದು ನನಗೆ ಅನ್ನಿಸುತ್ತದೆ. ಹುಲಿ ಪ್ರಾಣ ಬಿಡುವ ಭಾಗವನ್ನು ಮೂರೂವರೆ ವರ್ಷದವರಿಗೆ ಸ್ವಲ್ಪ ಹಗುರ ಮಾಡಿ ಹೇಳಿದರೆ ತಪ್ಪಿಲ್ಲ.

ಸೋದರತ್ತೆಯವರ ಪ್ರಸಂಗದಲ್ಲಿ ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ಕಡೆಯಿಂದ ಆ ವಾರವನ್ನು ನೋಡಿ. ಅಡುಗೆಮನೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಬೈಸಿಕೊಂಡಳು, ಹಾಲ್‌ನಲ್ಲಿ ಸತ್ಯ ಹೇಳಿದ್ದಕ್ಕೆ ನಗೆಪಾಟಲಾದಳು. ಎರಡಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದರೆ, ಅಮ್ಮ ಆಡಿದ ಮಾತು ಅಜ್ಜಿಗೆ ಗೊತ್ತಿಲ್ಲ, ಗೊತ್ತಾದರೆ ಅಜ್ಜಿಗೆ ನೋವಾಗುತ್ತದೆ, ಅಜ್ಜಿಗೆ ನೋವಾದರೆ ಅಮ್ಮನಿಗೆ ಸಂಕಟವಾಗುತ್ತದೆ ಎಂಬ ಮೂರು ಮೆಟ್ಟಿಲನ್ನು ಒಂದೇ ಉಸಿರಿನಲ್ಲಿ ಹತ್ತಬೇಕು. ಅದು ಅವಳ ಕೈಯಲ್ಲಿ ಸದ್ಯಕ್ಕೆ ಆಗದು. ಅವಳು ಕೇಳಿದ ಪ್ರಶ್ನೆಯಲ್ಲಿ ಅಗೌರವ ಇರಲಿಲ್ಲ, ಬಹುವಚನವನ್ನೂ ಬಿಟ್ಟಿಲ್ಲ. ಆದ್ದರಿಂದ ಅವಳಿಂದ ಕ್ಷಮೆ ಕೇಳಿಸಬೇಡಿ. ಕ್ಷಮೆ ಕೇಳುವುದಿದ್ದರೆ ಅದು ನಿಮ್ಮ ಬಾಬ್ತು. ನಿಮ್ಮ ಯಜಮಾನರ ಸೋದರತ್ತೆಯವರಿಗೆ ಒಂದು ಫೋನು ಮಾಡಿ ನಾಲ್ಕು ಒಳ್ಳೆಯ ಮಾತಾಡಿದರೆ ಸರಿಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ನೆಂಟರ ವಿಮರ್ಶೆಯನ್ನು ಅವರು ಮಲಗಿದ ಮೇಲೆ ಇಟ್ಟುಕೊಳ್ಳುವುದು ಕ್ಷೇಮ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ನಗುವಿನ ಪ್ರಶ್ನೆ ನಿಜವಾಗಿ ಇಲ್ಲಿಂದ ಆರಂಭವಾಗುತ್ತದೆ. ಮಕ್ಕಳು ನಗುವನ್ನು ಬಹಳ ಬೇಗ ಕಲಿಯುತ್ತಾರೆ. ಭಾರತೀಯ ಮೂಲದ ವಾಸುದೇವಿ ರೆಡ್ಡಿಯವರು ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನಗಳು, ಇನ್ನೂ ವರ್ಷ ತುಂಬದ ಕೂಸುಗಳೂ ಮನೆಯವರನ್ನು ನಗಿಸಿದ ಚೇಷ್ಟೆಯನ್ನು ಬೇಕೆಂದೇ ಮತ್ತೆ ಮಾಡುತ್ತವೆ, ವಸ್ತುವೊಂದನ್ನು ಕೊಡುವಂತೆ ಕೈ ನೀಡಿ ಹಿಂದಕ್ಕೆಳೆದುಕೊಂಡು ಕೀಟಲೆ ಮಾಡುತ್ತವೆ ಎಂದು ತೋರಿಸಿವೆ. ಹಾಗೆಯೇ ಒಂದೂವರೆ ಎರಡು ವರ್ಷದ ಹೊತ್ತಿಗೆ ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಗುರುತಿಸತೊಡಗಿದ ಮೇಲೆ ಮಕ್ಕಳಲ್ಲಿ ನಾಚಿಕೆಯೂ ಕಾಣಿಸಿಕೊಳ್ಳುತ್ತದೆ. ಮೂರು ವರ್ಷದ ಮಗುವಿಗೆ ಅವಮಾನವೆಂದರೆ ಏನೆಂದು ಚೆನ್ನಾಗಿಯೇ ಗೊತ್ತು. ನಿಮ್ಮ ಮಗಳು ಮಂಚದ ಕೆಳಗೆ ಹೋದದ್ದು ಹಠದಿಂದಲ್ಲ. ಅವಳು ಮನಸಾರೆ ಒಂದು ಪ್ರಶ್ನೆ ಕೇಳಿದ್ದಳು, ಉತ್ತರದ ಬದಲು ನಗು ಬಂತು, ಏಕೆಂದು ಯಾರೂ ಹೇಳಲಿಲ್ಲ.

ಎಲ್ಲಿ ನಗಬೇಕು, ಎಲ್ಲಿ ತಡೆದುಕೊಳ್ಳಬೇಕು ಎಂಬುದನ್ನು ಮಗುವಿನ ಮುಖವೇ ಹೇಳುತ್ತದೆ. ತಮಾಷೆ ಮಾಡಿದ ಮಗು, ಮಾಡಿ ಮುಗಿಸಿದ ಕೂಡಲೇ ಕತ್ತೆತ್ತಿ ನಿಮ್ಮ ಮುಖ ನೋಡುತ್ತದೆ. ತುಟಿಯ ತುದಿ ಆಗಲೇ ಬಿರಿದಿರುತ್ತದೆ. ಅಪ್ಪನ ಚಪ್ಪಲಿ ಮೆಟ್ಟಿ ‘ನಾನು ಆಫೀಸಿಗೆ’ ಎನ್ನುವಾಗ ಅದು ಕಾಯುವುದು ನಿಮ್ಮ ನಗುವಿಗಾಗಿಯೇ. ಆಗ ತಡೆಯಬೇಡಿ, ಗಟ್ಟಿಯಾಗಿ ನಗಿ. ಮಾತು ಮುಗಿಸಿದ ಮೇಲೂ ಮಗು ನಿಮ್ಮ ಮುಖ ನೋಡದೆ ತನ್ನ ಕೆಲಸದಲ್ಲೇ ಮುಳುಗಿದ್ದರೆ, ಅಥವಾ ಉತ್ತರಕ್ಕಾಗಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರೆ, ಅದು ಗಂಭೀರ ವ್ಯವಹಾರದಲ್ಲಿದೆ ಎಂದರ್ಥ. ಆಗ ಒಗ್ಗರಣೆ ನೋಡುವ ನೆಪದಲ್ಲಾದರೂ ಅಡುಗೆಮನೆಗೆ ಹೋಗಿ ನಕ್ಕು ಬನ್ನಿ. ತಡೆಯಲಾರದೆ ನಕ್ಕೇಬಿಟ್ಟರೆ, ‘ನೀನು ಹೇಳಿದ್ದು ನಂಗೆ ಖುಷಿ ಆಯ್ತು, ಅದಕ್ಕೆ ನಗು ಬಂತು’ ಎಂದು ಕಾರಣ ಹೇಳಿ, ನಂತರ ಅವಳ ಪ್ರಶ್ನೆಗೆ ಉತ್ತರ ಕೊಡಿ.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ತಾತನಿಗೆ ‘ಹೋಗೋ’ ಎಂದಾಗ, ಅಣ್ಣನಿಗೆ ಹೊಡೆದಾಗ, ಬಾಯಲ್ಲಿದ್ದ ಅನ್ನವನ್ನು ಉಗಿದಾಗ ನಕ್ಕರೆ ಅದು ಖಂಡಿತ ಮರುಕಳಿಸುತ್ತದೆ. ನಗು ಮಗುವಿಗೆ ಸಿಗುವ ಬಹುಮಾನಗಳಲ್ಲಿ ದೊಡ್ಡದು. ಅಂಥ ಕಡೆ ಮುಖದಲ್ಲಿ ಏನನ್ನೂ ತೋರಿಸದೆ ಚಿಕ್ಕದಾಗಿ ‘ಹಾಗೆ ಅನ್ನಬಾರದು’ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗುವುದೇ ಸರಿ. ಆದರೆ ಕಣ್ಣು ಮುಚ್ಚಿ ಅಡಗುವ ಆಟಕ್ಕೆ ನಕ್ಕರೆ ಯಾರ ತಲೆಯ ಮೇಲೂ ಯಾರೂ ಕೂರುವುದಿಲ್ಲ. ಅತ್ತೆಯವರು ಮನೆಯಲ್ಲಿರುವುದೇ ಅವಳಿಗೊಂದು ಲಾಭ ಎಂಬುದನ್ನೂ ಅವರಿಗೆ ತಿಳಿಸಿ. ಗ್ರೀಸ್‌ನ ಕ್ರೀಟ್ ದ್ವೀಪ ಮತ್ತು ಸೈಪ್ರಸ್‌ನ ಮಕ್ಕಳನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ದೊಡ್ಡವರೊಂದಿಗೆ, ತಮಗಿಂತ ಹಿರಿಯ ಮಕ್ಕಳೊಂದಿಗೆ ಒಡನಾಡುವ ಮಕ್ಕಳಿಗೆ ಇತರರ ಮನಸ್ಸನ್ನು ಊಹಿಸುವ ಆ ಬಿಸ್ಕತ್ತಿನ ಡಬ್ಬದಂಥ ಪ್ರಶ್ನೆಗಳು ಹೆಚ್ಚು ಸುಲಭವಾಗಿ ಬಿಡಿಸಿಕೊಂಡವು. ಅಜ್ಜಿ, ಅಣ್ಣ, ಬಂದುಹೋಗುವ ನೆಂಟರು ಇರುವ ಮನೆಯಲ್ಲಿ ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬ ಪಾಠ ಬೆಳಗಿನಿಂದ ರಾತ್ರಿಯವರೆಗೂ ನಡೆಯುತ್ತಲೇ ಇರುತ್ತದೆ.

ವಿಡಿಯೊಗಳ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಪರವಾಗಿಲ್ಲ. ಒಮ್ಮೆ ಸಹಜವಾಗಿ ಆಡಿದ ಮಾತನ್ನು ಕ್ಯಾಮೆರಾ ಹಿಡಿದು ‘ಎಲ್ಲಿ, ಇನ್ನೊಂದ್ಸಲ ಹೇಳು’ ಎಂದರೆ ಮಾತಿನ ಜೀವ ಹೋಗುತ್ತದೆ, ಮಗುವಿಗೆ ಅದು ಪ್ರದರ್ಶನವಾಗುತ್ತದೆ. ಅತ್ತ ಮಂಚದ ಕೆಳಗಿನ ಅಳುವೂ ಗುಂಪಿಗೆ ಹೋಗಿದ್ದರೆ ಅದನ್ನು ಇಂದೇ ಅಳಿಸಲು ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸುವ ಸಂಸ್ಥೆಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ತಂದೆತಾಯಿಯೇ ಮನೆಮಟ್ಟಿಗೆ ಹಂಚಿಕೊಳ್ಳುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಇಲ್ಲಿ ಮಗುವಿನ ಪರವಾಗಿ ತಡೆದುಕೊಳ್ಳಬೇಕಾದವರು ನೀವಿಬ್ಬರೇ. ಗುಂಪಿನಿಂದ ಗುಂಪಿಗೆ ಹಾರಿದ ವಿಡಿಯೊ ಹತ್ತು ವರ್ಷದ ನಂತರ ಅವಳ ಸಹಪಾಠಿಗಳ ಕೈಗೆ ಸಿಕ್ಕರೆ ಅವಳಿಗೆ ಹೇಗನ್ನಿಸಬಹುದೆಂದು ಯಜಮಾನರನ್ನು ಕೇಳಿ ನೋಡಿ. ಅದಕ್ಕಿಂತ ಒಂದು ನೋಟ್‌ಬುಕ್ ಇಟ್ಟು, ತಾರೀಖು ಹಾಕಿ, ಅವಳಾಡಿದ ಮಾತನ್ನು ಅವಳ ಉಚ್ಚಾರಣೆಯಲ್ಲೇ ಬರೆದಿಡಿ. ನಾವು ತಿದ್ದಿ ಬರೆದರೆ ಸ್ವಾರಸ್ಯ ಹೋಗುತ್ತದೆ. ‘ಅಮ್ಮ ಹೇಳ್ತಿತ್ತು’ ಎಂಬುದನ್ನು ‘ಹೇಳುತ್ತಿದ್ದರು’ ಎಂದು ಮಾಡಬೇಡಿ.

ಕೊನೆಯದಾಗಿ, ಇದನ್ನು ಓದುವ ಬೇರೆ ತಂದೆತಾಯಿಯರಿಗಾಗಿ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮಗಳಿಗೆ ಇದು ಅನ್ವಯಿಸುವುದಿಲ್ಲ. ಮಗು ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ತೋರಿಸಿ ಕೇಳದಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸಿ ಮಾತನಾಡದಿದ್ದರೆ, ಅಥವಾ ಕಲಿತ ಮಾತು ಮರೆಯತೊಡಗಿದರೆ, ‘ನಿಧಾನಕ್ಕೆ ಬರುತ್ತದೆ’ ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿಯೂ ಇದಕ್ಕೆ ಬೇಕಾದ ತಪಾಸಣೆ ನಡೆಯುತ್ತದೆ. ಹತ್ತಿರದ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಜಿಲ್ಲಾ ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕೆಂದು ತಿಳಿಸುತ್ತಾರೆ.